ದೋಟಿಗೆ ಕಟ್ಟಿದ ನೀಲಿ ಬಟ್ಟೆ

ನುಡಿಗಟ್ಟುಗಳ ಮೂಲ ಕೆದಕುವುದು ಓದಿಕೊಂಡವರ ಕೆಲಸ, ಕೊಲೆಯ ಮೂಲ ಕೆದಕುವುದು ಪೊಲೀಸರ ಕೆಲಸ. ಎರಡನ್ನೂ ಒಂದೇ ಕಥೆಯಲ್ಲಿ ಹೇಳಹೊರಟಿರುವುದು ಅಧಿಕಪ್ರಸಂಗವೆಂದು ಗೊತ್ತಿದೆ. ಫರ್ನ್‌ಹೋಲ್ಟ್ ಊರಿನವರ ನಡುವೆ ಇಷ್ಟು ವರ್ಷ ಬಾಳಿದ ಮೇಲೂ ಅವರ ಮನೆಯೊಳಗಿನ ಮಾತನ್ನು ಬರೆಯುವಾಗ ಕೈ ಹಿಂಜರಿಯುತ್ತದೆ. ತಪ್ಪಿದ್ದಲ್ಲಿ ಓದುಗರು ಮನ್ನಿಸಬೇಕು. ನುಡಿಗಟ್ಟುಗಳ ಮೂಲ ಹುಡುಕುತ್ತಿದ್ದ ಮುದುಕ ಥಿಯೊಡೋರ್ ಕ್ವೆನೆಲ್ ಕಾಡಿನ ಓಕ್ ಮರದ ಕೆಳಗೆ ಹೆಣವಾಗಿ ಸಿಕ್ಕಿದ್ದರು, ಮರ ಕಡಿಯುವ ರೂಬೆನ್ ಸ್ಟಿಕ್ಲೆಂಡ್ ಲಾಕಪ್ಪಿನಲ್ಲಿದ್ದ. ಹಿಂದೆ ನಡೆದದ್ದರಲ್ಲಿ ಇಷ್ಟು ತಿಳಿದಿದ್ದರೆ ಸಾಕು.

"ಇದೇನು, ಹಿಬರ್ಡ್?"

ಇನ್‌ಸ್ಪೆಕ್ಟರ್ ಪಾರ್ಜಿಟರ್ ಮೇಜಿನ ಮೇಲಿದ್ದ ದೋಟಿಯನ್ನು ಪೆನ್ನಿನ ತುದಿಯಿಂದ ತಿವಿದರು. ಮೇಜು ಚಿಕ್ಕದು, ದೋಟಿ ಉದ್ದ. ಅದರ ಹಿಡಿ ಕಿಟಕಿಯಿಂದಾಚೆ ಪೊಲೀಸ್ ಠಾಣೆಯ ಹೂದೋಟಕ್ಕೆ ಚಾಚಿಕೊಂಡಿತ್ತು. ತುದಿಯ ಕಬ್ಬಿಣದ ಕೊಕ್ಕೆಗೆ ನೀಲಿ ಬಿಳಿ ಚೌಕುಳಿಯ ಬಟ್ಟೆ ಬಿಗಿಯಾಗಿ ಸುತ್ತಿತ್ತು.

ಸಾರ್ಜೆಂಟ್ ವಾಲ್ಟರ್ ಹಿಬರ್ಡ್ ಆ ಬಟ್ಟೆಯನ್ನು ನೋಡಿದ. ಮತ್ತೆ ನೋಡಲು ಧೈರ್ಯ ಬರಲಿಲ್ಲ. ಅಂಚಿನಲ್ಲಿ ನೀಲಿ ದಾರ ಮುಗಿದುಹೋಗಿ ಕಂದು ದಾರದಲ್ಲಿ ಹಾಕಿದ ಹೊಲಿಗೆ ಇತ್ತು.

"ಸ್ಟಿಕ್ಲೆಂಡ್ ಮನೆಯ ದೋಟಿ, ಸರ್."

"ಅದು ಊರಿಗೆಲ್ಲ ಗೊತ್ತು. ಹಿಡಿಯ ಮೇಲೆ ಅವರ ಮನೆ ಗುರುತು ಕೆತ್ತಿದೆ. ಹೆಣದ ಕೈಯಲ್ಲೇ ಇತ್ತು ಅಂತ ಎಸ್ಟೇಟಿನ ಕಾವಲುಗಾರ ಸ್ಲೇಡ್ ಹೇಳಿದಾನೆ. ನಾನು ಕೇಳ್ತಿರೋದು ಬಟ್ಟೆಯ ವಿಷಯ. ಕಬ್ಬಿಣಕ್ಕೆ ಬಟ್ಟೆ ಯಾಕೆ ಸುತ್ತಬೇಕು?"

ವಾಲ್ಟರ್ ಕಿಟಕಿಯಾಚೆಯ ಹಿಡಿಯತ್ತ ಕಣ್ಣು ತಿರುಗಿಸಿದ.

"ನಾನೇ ಹೇಳ್ತೀನಿ ಕೇಳಿ. ಹೊಡೆದ ಸದ್ದು ಕೇಳಬಾರದು, ಚರ್ಮ ಹರಿಯಬಾರದು. ಮುದುಕ ದೋಟಿಯಿಂದ ಎಳೆದ ಒಣಕೊಂಬೆ ತಲೆಗೆ ಬಿತ್ತು ಅಂತ ಜನ ತಿಳೀಬೇಕು, ಅದಕ್ಕೇ ದೋಟಿ ಹೆಣದ ಕೈಗಿಟ್ಟ. ಆದ್ರೆ ಡಾಕ್ಟರು ಬುದ್ಧಿವಂತರು, ಹಿಂದಿನಿಂದ ಬಿದ್ದ ಏಟು ಅಂದ್ರು. ಅಲ್ಲಿ ಕೊಂಬೆನೂ ಇರಲಿಲ್ಲ." ಪಾರ್ಜಿಟರ್ ಪೆನ್ನನ್ನು ಜೇಬಿಗೆ ಸಿಕ್ಕಿಸಿಕೊಂಡರು. "ಸಿಟ್ಟಿನಲ್ಲಿ ಹೊಡೆದಿದ್ರೆ ಬೇರೆ ಮಾತಿತ್ತು. ಮನೆಯಿಂದ ಬಟ್ಟೆ ಹರಿದು, ಕಟ್ಟಿಕೊಂಡು ಬಂದು ಹೊಡೆದವನನ್ನ ಯಾವ ಜ್ಯೂರಿಯೂ ಬಿಡೋದಿಲ್ಲ. ನಿಮ್ಮ ಹೆಂಡತಿಯ ತಮ್ಮ ನೇಣಿಗೆ ಹೋಗ್ತಾನೆ, ಹಿಬರ್ಡ್. ನನಗೂ ಇದು ಸಂತೋಷದ ಕೆಲಸ ಅಲ್ಲ."

ಹೊರಗೆ ಯಾರದೋ ಕೋಳಿ ದೋಟಿಯ ಹಿಡಿಯನ್ನು ಕುಕ್ಕುತ್ತಿತ್ತು.

"ಜಗಳ ಏನಂತ ಶುರುವಾಯ್ತು, ಇನ್ನೊಂದು ಸಲ ಹೇಳಿ. ಆ ಪಬ್ಬಿನಲ್ಲಿ ನೀವೂ ಇದ್ರಲ್ಲ."

ವಾಲ್ಟರ್ ಇದ್ದ. ಇರಬಾರದಿತ್ತೆಂದು ಈಗ ಅನ್ನಿಸುತ್ತಿತ್ತು.

ಫರ್ನ್‌ಹೋಲ್ಟಿನ ಕಾಡು ಎಸ್ಟೇಟಿನ ಧಣಿಯದು. ಆದರೆ ಒಣಗಿದ ಕೊಂಬೆ ಮಾತ್ರ ಊರಿನ ಒಲೆಗಳದು. ಕೊಡಲಿ ಹಾಕುವಂತಿಲ್ಲ, ಮರ ಹತ್ತುವಂತಿಲ್ಲ. ನೆಲದ ಮೇಲೆ ನಿಂತು ಕುಡುಗೋಲಿಗೋ ದೋಟಿಗೋ ಎಟುಕಿದಷ್ಟನ್ನು ಎಳೆದುಕೊಳ್ಳಬಹುದು. 'ಬೈ ಹುಕ್ ಆರ್ ಬೈ ಕ್ರುಕ್', ಅಂದರೆ ಕುಡುಗೋಲಿನಿಂದಲೋ ದೋಟಿಯಿಂದಲೋ, ಹೇಗಾದರೂ ಸರಿ ಪಡೆದೇ ತೀರುತ್ತೇನೆ ಎಂದು ಲೋಕವೆಲ್ಲ ಆಡುವ ಮಾತು ತಮ್ಮ ಕಾಡಿನಲ್ಲೇ ಹುಟ್ಟಿದ್ದೆಂದು ಊರಿನ ನಂಬಿಕೆ. ಹೊಸ ಧಣಿ ಬೇಲಿ ಹಾಕಹೊರಟಾಗ ಊರಿನವರು ಕೋರ್ಟಿಗೆ ಹೋದರು. ಮಾತು ಎಷ್ಟು ಹಳೆಯದೋ ಹಕ್ಕೂ ಅಷ್ಟೇ ಹಳೆಯದು ಎಂದು ಸಾಕ್ಷಿ ಹೇಳಲು ಕ್ವೆನೆಲ್ಲರನ್ನು ಕೇಳಿಕೊಂಡರು. ಅವರಿಗಿಂತ ತಕ್ಕವರು ಯಾರಿದ್ದರು? ಮೇಷ್ಟರ ಕೆಲಸದಿಂದ ನಿವೃತ್ತರಾಗಿ ಬಂದು ನೆಲೆಸಿದಾಗಿನಿಂದ ವಾರವಾರವೂ ಜಿಲ್ಲಾ ಪತ್ರಿಕೆಯಲ್ಲಿ ನುಡಿಗಟ್ಟುಗಳ ಮೂಲ ಬರೆಯುತ್ತಿದ್ದವರು.

"ಅವರು ಆಗೋದಿಲ್ಲ ಅಂದ್ರು, ಸರ್. ಮಾತು ಐನೂರು ವರ್ಷಕ್ಕೂ ಹಳೇದು ಅನ್ನೋದು ನಿಜ, ಆದ್ರೆ ಯಾವ ಕಾಡಿನದು ಅಂತ ಎಲ್ಲೂ ಬರೆದಿಲ್ಲ. ಒಣಕಟ್ಟಿಗೆಯಿಂದ ಹುಟ್ಟಿತು ಅನ್ನೋದೇ ಒಂದು ಊಹೆ. ಪ್ರಮಾಣ ಮಾಡಿ ಊಹೆ ಹೇಳಲಾರೆ, ಧಣಿ ಕಡೆಯವರು ಕೋರ್ಟಿಗೆ ಕರೆದ್ರೆ ಇದನ್ನೇ ಹೇಳ್ತೀನಿ ಅಂದ್ರು."

"ಸ್ಟಿಕ್ಲೆಂಡ್ ಏನಂದ?"

"ಸುಳ್ಳು ಹೇಳಿ ಅಂತ ಕೇಳ್ತಿಲ್ಲ ಮೇಷ್ಟ್ರೇ, ಸುಮ್ಮನೆ ಇರಿ, ಅಷ್ಟೇ ಸಾಕು ಅಂದ."

"ಆಮೇಲೆ?"

"ಆಮೇಲೆ ಇನ್ನೊಂದು ಮಾತಂದ." ವಾಲ್ಟರ್ ದನಿ ತಗ್ಗಿಸಿದ. "ನಿಮ್ಮ ಬಾಯಿ ಮುಚ್ಚಿಸೋಕೆ ದೋಟಿಯಾದ್ರೂ ಸರಿ, ಕುಡುಗೋಲಾದ್ರೂ ಸರಿ ಅಂದ. ಎಲ್ಲರೂ ನಕ್ಕರು. ಕ್ವೆನೆಲ್ ಅವರೇ ಮೊದಲು ನಕ್ಕರು, ಸರ್."

"ಮಾರನೇ ಬೆಳಿಗ್ಗೆಗೆ ಅವರ ನಗು ನಿಂತಿತ್ತು."

ಗುಟ್ಟು ರಟ್ಟಾದಾಗ ಆಡುವ 'ಚೀಲದಿಂದ ಬೆಕ್ಕು ಹೊರಬಿತ್ತು' ಎಂಬ ಮಾತಿಗೆ ಸಂತೆಯಲ್ಲಿ ಹಂದಿಮರಿಯೆಂದು ಬೆಕ್ಕು ಮಾರಿದ ಮೋಸವೇ ಮೂಲ ಎಂದು ಎಲ್ಲರೂ ಹೇಳುತ್ತಾರೆ. ಕ್ವೆನೆಲ್ ಮಾತ್ರ 'ಚೆಂದದ ಕಥೆ, ಸಾಕ್ಷಿ ಇಲ್ಲ' ಎಂದು ಬರೆದು ಸಂತೆಯವರಿಂದ ಬೈಸಿಕೊಂಡಿದ್ದರು. ಅಂಥ ಮನುಷ್ಯನ ಸಾವಿಗೆ ಮಾತ್ರ ಬೇಕಾದಷ್ಟು ಸಾಕ್ಷಿ ಸಿಕ್ಕಿತ್ತು.

ವಾಲ್ಟರ್ ತಡೆಯಲಾರದೆ ಹೇಳಿಬಿಟ್ಟ. "ಬಟ್ಟೆ ಹೊಡೆಯೋಕೆ ಕಟ್ಟಿದ್ದಲ್ಲ, ಸರ್."

"ಮತ್ತೆ?"

"ನಮ್ಮೂರಲ್ಲಿ ದೋಟಿ ಗಂಡಸಿನ ಆಸ್ತಿ ಅಲ್ಲ, ಒಲೆಯದು. ಮನೇಲಿ ಯಾರಾದ್ರೂ ತೀರಿಹೋದ್ರೆ ಮಣ್ಣು ಮಾಡೋವರೆಗೆ ಆ ಒಲೆಗೆ ಕಾಡಿನ ಕಟ್ಟಿಗೆ ತರೋ ಹಾಗಿಲ್ಲ. ಮನೆ ಹೆಂಗಸು ತನ್ನ ಏಪ್ರನ್ ಹರಿದು ದೋಟಿಯ ಬಾಯಿ ಕಟ್ಟಿ, ಹೆಣದ ಪಕ್ಕ ಇಡ್ತಾಳೆ. ನಮ್ಮ ತಾಯಿ ಸತ್ತಾಗಲೂ ಕಟ್ಟಿದ್ರು."

"ಗಂಡಸರು ಕಟ್ಟೋದಿಲ್ವೇ?"

"ಕಟ್ಟಿದ್ದನ್ನ ಮುಟ್ಟೋದೂ ಇಲ್ಲ."

ಪಾರ್ಜಿಟರ್ ಕೆಟ್ಟ ಮನುಷ್ಯರೇನಲ್ಲ. ಪಟ್ಟಣದವರು, ಗ್ಯಾಸಿನ ಒಲೆಯವರು.

"ಸರಿ, ನಂಬ್ತೀನಿ ಅಂತಿಟ್ಟುಕೊಳ್ಳಿ. ಹೆಂಡತಿ ಮಕ್ಕಳಿಲ್ಲದ, ಹೊರಗಿನಿಂದ ಬಂದ ಆ ಮುದುಕ ಯಾವ ಒಲೆಯವನು?"

ವಾಲ್ಟರನಿಗೆ ಗೊತ್ತಿರಲಿಲ್ಲ.

"ಕಟ್ಟಿದ ಹೆಂಗಸನ್ನ ಕರ್ಕೊಂಡು ಬನ್ನಿ. ನಾಳೆ ಬೆಳಿಗ್ಗೆ ಸಾವಿನ ವಿಚಾರಣೆ ನಡೆಸೋ ಕರೋನರ್ ಸಾಹೇಬರ ಮುಂದೆ ಅವಳು ಪ್ರಮಾಣ ಮಾಡಿ ಹೇಳಲಿ. ಹೆಂಗಸು ಇಲ್ಲದಿದ್ರೆ ಇದು ನಿಮ್ಮೂರಿನ ಇನ್ನೊಂದು ಚೆಂದದ ಕಥೆ, ಅಷ್ಟೇ."

ಲಾಕಪ್ಪು ಠಾಣೆಯ ಹಿಂದೆ, ಹಿಂದೊಮ್ಮೆ ಕಲ್ಲಿದ್ದಲು ತುಂಬಿಡುತ್ತಿದ್ದ ಕೋಣೆ. ವಾಲ್ಟರ್ ಚಹಾದ ಮಗ್ಗು ಹಿಡಿದು ಒಳಗೆ ಹೋದಾಗ ರೂಬೆನ್ ಗೋಡೆಗೊರಗಿ ಕುಳಿತಿದ್ದ. ಆಳು ದೊಡ್ಡವನು. ಆ ಕೋಣೆಯಲ್ಲಿ ಕಾಲು ಚಾಚಿದರೆ ಎದುರಿನ ಗೋಡೆಗೆ ತಾಗುತ್ತಿತ್ತು.

"ಸಕ್ಕರೆ ಹಾಕಿದೀಯಾ?"

"ಹಾಕಿದೀನಿ."

"ನಿನ್ನ ಸಾಹೇಬ ಹಾಕೋದೇ ಇಲ್ಲ. ನೇಣಿಗೆ ಹೋಗೋನಿಗೆ ಸಕ್ಕರೆ ಯಾಕೆ ದಂಡ ಅಂತಲೋ ಏನೋ."

"ಬಾಯಿ ಮುಚ್ಚು, ರೂಬೆನ್." ವಾಲ್ಟರ್ ಅವನ ಎದುರು ಕುಕ್ಕರಗಾಲಲ್ಲಿ ಕುಳಿತ. "ಆವತ್ತು ಬೆಳಿಗ್ಗೆ ಎಲ್ಲಿದ್ದೆ?"

"ನೂರು ಸಲ ಹೇಳಿದೀನಿ. ಮೊಲದ ಉರುಲು ನೋಡೋಕೆ ಹೋಗಿದ್ದೆ. ಯಾರೂ ನನ್ನ ನೋಡಲಿಲ್ಲ. ನೋಡಿದ್ರೆ ಕಳ್ಳಬೇಟೆ ಅಂತ ಅದಕ್ಕೂ ಹಿಡೀತಿದ್ರು."

"ದೋಟಿ?"

"ಬಾಗಿಲ ಪಕ್ಕ ತೂಗುಹಾಕಿತ್ತು. ಬಂದು ನೋಡಿದ್ರೆ ಇರಲಿಲ್ಲ." ಇಲ್ಲಿಗೆ ಬಂದಾಗಿನಿಂದ ಅವನು ಇಷ್ಟೇ ಹೇಳುತ್ತಿದ್ದ.

"ಅದಕ್ಕೆ ಬಟ್ಟೆ ಕಟ್ಟಿತ್ತು."

ರೂಬೆನ್ ಮಗ್ಗನ್ನು ತುಟಿಯಿಂದ ಕೆಳಗಿಳಿಸಿದ. "ನನಗೆ ಯಾರೂ ಹೇಳಲಿಲ್ಲವಲ್ಲ. ಯಾವ ಬಟ್ಟೆ?"

ಹೇಳಬಾರದಿತ್ತು. ಇನ್‌ಸ್ಪೆಕ್ಟರ್ ಅದನ್ನು ಬೇಕೆಂದೇ ಮುಚ್ಚಿಟ್ಟಿದ್ದರೆಂದು ವಾಲ್ಟರನಿಗೆ ಆಗ ಹೊಳೆಯಿತು. ಆದರೆ ನಾಲಗೆ ಅಷ್ಟರಲ್ಲಿ ಮುಂದೆ ಹೋಗಿತ್ತು.

"ನೀಲಿ ಚೌಕುಳಿ. ಕಂದು ಹೊಲಿಗೆ."

ರೂಬೆನ್ ಚಹಾವನ್ನು ಒಂದೇ ಗುಟುಕಿಗೆ ಮುಗಿಸಿ ಮಗ್ಗನ್ನು ಹಿಂದೆ ಕೊಟ್ಟ.

"ಮನೆಗೆ ಹೋಗು, ವಾಲ್ಟ್. ನಿನ್ನ ಮುಖ ಹಳಸಿದ ಗಂಜಿ ಹಾಗಾಗಿದೆ. ಅಕ್ಕನಿಗೆ ನನ್ನ ಚಿಂತೆ ಬೇಡ ಅಂತ ಹೇಳು."

"ಕಟ್ಟಿದ್ದು ಯಾಕೆ ಅಂತ ನಿನಗೇನಾದ್ರೂ ಗೊತ್ತಾ?"

"ಮನೆಗೆ ಹೋಗು ಅಂದೆ."

ವಾಲ್ಟರನ ಹೆಂಡತಿ ಡಾರ್ಕಸ್ ಮನೆಯ ಹಿತ್ತಲಿನಲ್ಲಿ ಒದ್ದೆ ಹಾಸಿಗೆವಸ್ತ್ರ ಹಿಂಡುತ್ತಿದ್ದಳು. ಸೊಂಟಕ್ಕೆ ಬಿಳಿಯ ಏಪ್ರನ್. ಅದು ಭಾನುವಾರ ಚರ್ಚಿನವರು ಚಹಾಕ್ಕೆ ಬಂದಾಗ ಮಾತ್ರ ಕಟ್ಟುವಂಥದ್ದು.

"ಬೇಗ ಬಂದೆ," ಎಂದಳು. "ಒಳಗೆ ಬ್ರೆಡ್ಡಿದೆ, ಹಂದಿಕೊಬ್ಬು ಕರಗಿಸಿಟ್ಟಿದೀನಿ. ಅವನಿಗೂ ಸ್ವಲ್ಪ ಕಟ್ಟಿಕೊಡ್ತೀನಿ, ತಗೊಂಡು ಹೋಗು."

"ನೀಲಿ ಏಪ್ರನ್ ಎಲ್ಲಿ?"

ಅವಳ ಕೈ ನಿಲ್ಲಲಿಲ್ಲ. ಹಿಂಡಿದ ನೀರು ತೊಟ್ಟಿಗೆ ಸುರಿಯಿತು.

"ಹರಿದುಹೋಯ್ತು."

"ಹರಿದುಹೋಯ್ತೋ, ಹರಿದೆಯೋ?"

"ಪೊಲೀಸಿನವನಾಗಿ ಕೇಳ್ತಿದೀಯಾ?"

"ಹಾಗೆ ಕೇಳಿದ್ರೆ ಟೋಪಿ ಹಾಕ್ಕೊಂಡಿರ್ತಿದ್ದೆ. ಡಾರ್ಕಸ್, ಆ ದೋಟಿಯ ಬಾಯಿಗೆ ಬಟ್ಟೆ ಇದೆ. ಅದು ಹೊಡೆಯೋಕೆ ಅಂತ ಕಟ್ಟಿದ್ದು ಅಂತ ಇನ್‌ಸ್ಪೆಕ್ಟರು ಹೇಳ್ತಿದಾರೆ. ಬಟ್ಟೆ ಇರೋದರಿಂದಲೇ ನಿನ್ನ ತಮ್ಮ ಹೊಂಚು ಹಾಕಿ ಕೊಂದ ಅಂತ ಆಗ್ತಿದೆ. ಅದಕ್ಕೆ ಶಿಕ್ಷೆ ಒಂದೇ."

ಒದ್ದೆ ಬಟ್ಟೆ ಅವಳ ಕೈಯಿಂದ ತೊಟ್ಟಿಗೆ ಜಾರಿತು. ಅವಳು ಅದನ್ನೇ ನೋಡುತ್ತ ನಿಂತಳು.

"ಬಾಯಿ ಕಟ್ಟಿದ್ದಕ್ಕೆ?"

"ಕಟ್ಟಿದ್ದಕ್ಕೆ."

"ಅವರಿಗೆ ಅಷ್ಟೂ ಗೊತ್ತಿಲ್ವಾ?"

"ಪಟ್ಟಣದವರಿಗೆ ಹೇಗೆ ಗೊತ್ತಿರತ್ತೆ? ನಾನು ಹೇಳಿದೆ. ಕಟ್ಟಿದ ಹೆಂಗಸನ್ನ ಕರ್ಕೊಂಡು ಬಾ ಅಂದ್ರು."

ಡಾರ್ಕಸ್ ಬಾವಿಕಟ್ಟೆಯ ಮೇಲೆ ಕುಳಿತಳು. ಮದುವೆಯಾಗಿ ಇಷ್ಟು ವರ್ಷಗಳಲ್ಲಿ ಕೆಲಸದ ನಡುವೆ ಅವಳು ಕುಳಿತದ್ದನ್ನು ವಾಲ್ಟರ್ ಕಂಡಿರಲಿಲ್ಲ.

"ದೋಟಿ ಅಲ್ಲಿ ಇರಲೇ ಇಲ್ಲ, ವಾಲ್ಟರ್. ತಂದಿದ್ದು ನಾನು."

ಅವನು ಕಾದ.

"ಕೋರ್ಟಿಗೆ ಹೋಗಬೇಡಿ ಅಂತ ಕೇಳಿಕೊಳ್ಳೋಕೆ ಹೋಗಿದ್ದೆ. ಬೆಳಗಿನ ಹೊತ್ತು ಆ ಮರದ ಹತ್ತಿರ ಅವರು ನಡೆದಾಡ್ತಾರೆ ಅಂತ ಗೊತ್ತಿತ್ತು. ಹೋಗಿ ನೋಡಿದ್ರೆ ಬಿದ್ದಿದ್ರು. ಉಸಿರಿರಲಿಲ್ಲ. ಕೈ ಇನ್ನೂ ಬೆಚ್ಚಗಿತ್ತು. ಕನ್ನಡಕ ಇರಲಿಲ್ಲ. ಹುಡುಕಿದೆ, ಎಲೆ ಎಲ್ಲ ಸರಿಸಿ ಹುಡುಕಿದೆ, ಸಿಗಲಿಲ್ಲ. ಕನ್ನಡಕ ಇಲ್ಲದ ಅವರ ಮುಖ ನಾನು ನೋಡೇ ಇರಲಿಲ್ಲ." ಅವಳು ಕಾಡಿನ ಕಡೆ ಕೈ ತೋರಿಸಿದಳು. "ರೂಬೆನ್ ಮನೆ ಅಲ್ಲೇ ತಾನೆ. ಓಡಿದೆ. ಅವನು ಇರಲಿಲ್ಲ. ಅಮ್ಮನ ದೋಟಿ ಬಾಗಿಲ ಪಕ್ಕ ಇತ್ತು. ಏಪ್ರನ್ ಹರಿದು ಬಾಯಿ ಕಟ್ಟಿ ಅವರ ಕೈಯಲ್ಲಿಟ್ಟೆ. ಅಷ್ಟರಲ್ಲಿ ಸ್ಲೇಡನ ನಾಯಿ ಬೊಗಳೋದು ಕೇಳಿಸ್ತು. ಇನ್ನು ಅವರು ಒಂಟಿ ಅಲ್ಲ ಅಂತ ಬಂದುಬಿಟ್ಟೆ."

"ಅಮ್ಮನ ದೋಟಿ ಯಾಕೆ? ಅವರು ನಿಮ್ಮ ಒಲೆಯವರಲ್ಲವಲ್ಲ, ಡಾರ್ಕಸ್."

ಅವಳು ತಲೆಯೆತ್ತಿ ನೋಡಿದಳು. ಮುಂದಿನದನ್ನು ಅವನಾಗಿಯೇ ತಿಳಿದುಕೊಂಡರೆ ಹೇಳುವ ಕಷ್ಟ ತಪ್ಪುತ್ತಿತ್ತು ಎನ್ನುವ ನೋಟ. ಅವನಿಗೆ ತಿಳಿಯಲಿಲ್ಲ.

"ಅಮ್ಮನಿಗೆ ಮದುವೆ ಆಗೋ ಮುಂಚೆ, ಕ್ವೆನೆಲ್ ಅವರು ವಯಸ್ಸಿನಲ್ಲಿದ್ದಾಗ, ಊರ ಮಾತು ಕೇಳಿ ಬರೆದುಕೊಳ್ಳೋಕೆ ಬಂದು ಒಂದು ಬೇಸಿಗೆ ಅಮ್ಮನ ಮನೇಲೇ ಉಳಿದಿದ್ರು. ಹೋದ್ರು. ಅಪ್ಪ ಎಲ್ಲ ಗೊತ್ತಿದ್ದೇ ಅಮ್ಮನ ಕೈ ಹಿಡಿದದ್ದು. ಸಾಯೋ ಮುಂಚೆ ಅಮ್ಮ ನನಗೆ ಹೇಳಿದ್ಲು. ನನಗೆ ಮಾತ್ರ."

ತೊಟ್ಟಿಯ ಅಂಚಿನಿಂದ ನೀರು ತೊಟ್ಟಿಕ್ಕುತ್ತಿತ್ತು.

"ಕ್ವೆನೆಲ್ಲರಿಗೆ ಗೊತ್ತಿತ್ತಾ?"

"ಗೊತ್ತಿಲ್ಲ. ಗುರುವಾರ ಗುರುವಾರ ಇದೇ ಅಡುಗೆಮನೇಲಿ ಕೂತು ಚಹಾ ಕುಡೀತಿದ್ರು. ಮಿಸೆಸ್ ಹಿಬರ್ಡ್, ನಿಮ್ಮ ತಾಯಿ ಈ ಮಾತನ್ನ ಹೇಗೆ ಆಡ್ತಿದ್ರು, ಆ ಮಾತನ್ನ ಎಲ್ಲಿ ಕೇಳಿದ್ರು, ಹೀಗೆ. ಯಾವ ಮಾತು ಎಲ್ಲಿ ಹುಟ್ಟಿತು ಅಂತ ಊರೂರು ಅಲೆದು ಕೇಳ್ತಿದ್ದ ಮನುಷ್ಯ, ನನ್ನನ್ನ ಮಾತ್ರ ಕೇಳಲಿಲ್ಲ." ಅವಳು ಬಿಳಿ ಏಪ್ರನ್ನಿನಲ್ಲಿ ಕೈ ಒರೆಸಿಕೊಂಡಳು. "ನಾನೂ ಹೇಳಲಿಲ್ಲ. ಹೇಳಿದ್ರೆ ಸಾಕ್ಷಿ ಇಲ್ಲ ಅಂದುಬಿಡ್ತಾರೋ ಅಂತ."

ವಾಲ್ಟರ್ ಅವಳ ಪಕ್ಕದಲ್ಲಿ ಕುಳಿತ. ಸಾರ್ಜೆಂಟ್ ಆಗಿ ಅವನಿಗೆ ಕೇಳಲು ಇನ್ನೂ ಪ್ರಶ್ನೆಗಳಿದ್ದವು. ಅವಳು ಮರದ ಹತ್ತಿರ ಬೇರೆ ಯಾರನ್ನೂ ಕಾಣಲಿಲ್ಲವೇ? ಸ್ಲೇಡನ ನಾಯಿ ಯಾವ ದಿಕ್ಕಿನಿಂದ ಬೊಗಳಿತು? ಅಪ್ಪನೆಂದು ನಂಬಿದವರು ಊರಿನ ಒಲೆಗಳನ್ನೇ ಆರಿಸಹೊರಟಾಗ ಅವಳಿಗೆ ಸಿಟ್ಟು ಬಂದಿರಲಿಲ್ಲವೇ? ಕೊನೆಯ ಪ್ರಶ್ನೆ ತನ್ನೊಳಗೆ ಹುಟ್ಟಿತಲ್ಲ ಎಂದು ಅವನಿಗೇ ನಾಚಿಕೆಯಾಯಿತು. ಹುಟ್ಟಿದ್ದು ಮಾತ್ರ ಹೋಗಲಿಲ್ಲ.

"ಇದನ್ನ ಕರೋನರ್ ಮುಂದೆ ಹೇಳಬೇಕಾಗತ್ತೆ," ಎಂದ. "ಅಮ್ಮನ ವಿಷಯವನ್ನೂ. ಯಾವ ಒಲೆ ಅಂತ ಕೇಳೇ ಕೇಳ್ತಾರೆ. ಊರೆಲ್ಲ ಅಲ್ಲೇ ಕೂತಿರತ್ತೆ."

"ಗೊತ್ತು."

"ಆಮೇಲೆ ಅವರು ರೂಬೆನ್ನನ್ನ ಬಿಟ್ಟು ನಿನ್ನ ಕಡೆ ತಿರುಗಬಹುದು."

"ತಿರುಗಲಿ. ನಾನು ಕಟ್ಟಿದ ಬಟ್ಟೆಗೆ ಅವನು ಸಾಯೋದು ಬೇಡ." ಅವಳು ಎದ್ದಳು. "ನಾಳೆವರೆಗೆ ಯಾಕೆ? ಈಗಲೇ ಬರ್ತೀನಿ. ನಾಳೆ ಅಂದ್ರೆ ನನ್ನ ಧೈರ್ಯ ನಾಳೆವರೆಗೆ ಇರತ್ತೆ ಅಂತ ಏನು ಖಾತ್ರಿ?"

ಅವಳು ಒಳಗೆ ಹೋಗಿ ಟೋಪಿ ಹಾಕಿಕೊಂಡು ಬರುವಷ್ಟರಲ್ಲಿ ಕಾನ್‌ಸ್ಟೇಬಲ್ ಎಲ್ಡ್ರಿಡ್ಜ್ ಸೈಕಲ್ಲನ್ನು ಬೇಲಿಗೆ ಒರಗಿಸುತ್ತಿದ್ದ. ದಪ್ಪ ಆಳು, ಏದುಸಿರು ಬಿಡುತ್ತಿದ್ದ. ಡಾರ್ಕಸಳನ್ನು ಕಂಡು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

"ಸಾರ್ಜೆಂಟ್, ಸಾಹೇಬ್ರು ಕರೀತಿದಾರೆ. ಸ್ವಲ್ಪ ಆ ಕಡೆ ಬರ್ತೀರಾ?"

"ಇಲ್ಲೇ ಹೇಳು. ಅವಳ ತಮ್ಮನ ವಿಷಯ ತಾನೆ."

ಎಲ್ಡ್ರಿಡ್ಜ್ ಟೋಪಿಯನ್ನು ಕೈಯಲ್ಲೇ ತಿರುಗಿಸಿದ. "ನೀವು ಹೋದ ಸ್ವಲ್ಪ ಹೊತ್ತಿಗೇ ಬಾಗಿಲು ಬಡಿದ. ತಪ್ಪೊಪ್ಪಿಕೊಂಡ. ತಾನೇ ಹೊಡೆದೆ, ಬಟ್ಟೆನೂ ತಾನೇ ಕಟ್ಟಿದೆ ಅಂತ."

"ಸುಳ್ಳು," ಎಂದಳು ಡಾರ್ಕಸ್. ದನಿ ಗಟ್ಟಿಯಾಗಿತ್ತು, ನೆಮ್ಮದಿಯೂ ಇತ್ತು. "ಬಟ್ಟೆ ನನ್ನದು ಅಂತ ತಿಳಿದು ಹೇಳಿದಾನೆ. ನಾನು ಹೊಡೆದೆ ಅಂದುಕೊಂಡಿದಾನೆ, ಪೆದ್ದ. ಈಗಲೇ ಬಂದು ಹೇಳ್ತೀನಿ, ನಡಿ."

ವಾಲ್ಟರನಿಗೂ ಹಾಗೇ ಅನ್ನಿಸಿತು. ತಾನು ಬಾಯಿಬಿಟ್ಟದ್ದರಿಂದಲೇ ಹೀಗಾಯಿತು. ಆದರೆ ಸುಳ್ಳು ತಪ್ಪೊಪ್ಪಿಗೆಯನ್ನು ಸುಳ್ಳೆಂದು ತೋರಿಸಬಹುದು.

ಎಲ್ಡ್ರಿಡ್ಜ್ ಮಾತ್ರ ಕದಲಲಿಲ್ಲ.

"ಸಾಹೇಬ್ರೂ ನಂಬಲಿಲ್ಲ, ಮೇಡಂ. ಗುರುತು ಏನಾದ್ರೂ ಇದ್ರೆ ಹೇಳು ಅಂದ್ರು. ಮುದುಕರ ಕನ್ನಡಕ ಹಳ್ಳ ದಾಟೋ ಸಂಕದ ಕೆಳಗೆ, ಎಡಗಡೆ ಕಲ್ಲಿನ ಸಂದಿಯಲ್ಲಿದೆ ಅಂದ. ನನ್ನನ್ನೇ ಕಳಿಸಿದ್ರು." ಅವನು ಡಾರ್ಕಸಳ ಮುಖ ನೋಡದೆ, ವಾಲ್ಟರನಿಗೆ ಮಾತ್ರ ಎನ್ನುವಂತೆ ಹೇಳಿದ. "ಅಲ್ಲೇ ಇತ್ತು, ಸಾರ್ಜೆಂಟ್. ಕರವಸ್ತ್ರದಲ್ಲಿ ಸುತ್ತಿ ಇಟ್ಟಿತ್ತು. ಒಂದು ಗಾಜು ಒಡೆದಿದೆ."

ಡಾರ್ಕಸಳ ಕೈ ಟೋಪಿಯ ಅಂಚಿಗೆ ಹೋಗಿ ಅಲ್ಲೇ ನಿಂತಿತು. ಬೇಡ, ಇವತ್ತು ಬೇಡ, ಮೊದಲು ನಾನು ಅವನನ್ನ ವಿಚಾರಿಸ್ತೀನಿ ಎಂದು ವಾಲ್ಟರ್ ಹೇಳಬೇಕೆಂದುಕೊಂಡ. ಅಷ್ಟರಲ್ಲಿ ಅವಳು ಬೇಲಿಯ ಬಾಗಿಲು ತೆಗೆದಿದ್ದಳು.

"ಬಟ್ಟೆ ಕಟ್ಟಿದ್ದು ನಾನೇ ತಾನೆ," ಎಂದಳು, ಯಾರನ್ನೂ ನೋಡದೆ. "ಅದಂತೂ ನಿಜ. ಅದನ್ನ ಹೇಳ್ತೀನಿ."

ಅವಳು ಮುಂದೆ ನಡೆದಳು. ಇಬ್ಬರು ಪೊಲೀಸರು, ಒಬ್ಬ ಸೈಕಲ್ ತಳ್ಳುತ್ತ, ಹಿಂದೆ ನಡೆದರು. ಬೀದಿಯ ಬಾಗಿಲುಗಳಲ್ಲಿ ಹೆಂಗಸರು ಕಾಣಿಸಿಕೊಂಡರು.

ರೂಬೆನ್ ಕೊಂದನೋ, ಕೊಂದವರನ್ನು ಕಂಡನೋ, ಅಕ್ಕನಿಗಾಗಿ ಬಾಯಿ ಬಿಟ್ಟನೋ, ಆ ಕನ್ನಡಕವನ್ನು ಅಷ್ಟು ಜೋಪಾನವಾಗಿ ಸುತ್ತಿಟ್ಟ ಕೈ ಯಾರದೋ, ಠಾಣೆ ಮುಟ್ಟುವವರೆಗೂ ವಾಲ್ಟರನಿಗೆ ಗೊತ್ತಾಗಲಿಲ್ಲ. ತಮ್ಮನನ್ನು ಉಳಿಸಲು ತಾಯಿಯ ಗುಟ್ಟು ಬಿಚ್ಚಿಡಹೊರಟವಳು ಉಳಿಸುತ್ತಿರುವುದು ತನ್ನ ತಂದೆಯ ಕೊಲೆಗಾರನನ್ನೇ ಏನೋ, ಅದೂ ಗೊತ್ತಿರಲಿಲ್ಲ. ಹೇಳುತ್ತಿರುವ ನನಗೂ ಈ ಹೊತ್ತಿಗೆ ಅದಕ್ಕಿಂತ ಹೆಚ್ಚು ತಿಳಿಯದು.